ಹಡಗಲಿಯ ಪೆಟ್ಟಿಗೆ ಕೊಟ್ಟೂರಿಗೆ ಬಾಗಿಲು ಹಾಕಿದ ವಾರ

ಚಿಂತೆ ಮಾಡುವ ವಿದ್ಯೆಯಲ್ಲಿ ನಾನು ಮೊದಲಿನಿಂದಲೂ ಮುಂದೆ. ಬಸ್ಸು ಹತ್ತಿದರೆ ಇಳಿಯುವ ಊರು ದಾಟಿಹೋದೀತೆಂಬ ಚಿಂತೆ, ಇಳಿದರೆ ಚೀಲ ಬಸ್ಸಿನಲ್ಲೇ ಉಳಿಯಿತೇನೋ ಎಂಬ ಚಿಂತೆ. ಚೀಲ ಹೆಗಲ ಮೇಲೇ ಇದ್ದರೆ ಅದು ನನ್ನದೇ ಚೀಲವೋ ಅಲ್ಲವೋ ಎಂಬ ಚಿಂತೆ. "ಚಿಂತಿ ಮಾಡಾಕ ಏನೂ ಸಿಗಲಿಲ್ಲ ಅಂದ್ರ ನೀವು ಅದಕ್ಕೂ ಚಿಂತಿ ಮಾಡ್ತೀರಿ" ಎಂದು ಹೆಂಡತಿ ಮದುವೆಯಾದ ವರ್ಷವೇ ಹೇಳಿಬಿಟ್ಟಿದ್ದಳು. ಇಂಥವನನ್ನು ಹುಡುಕಿ ಹುಡುಕಿ ಐದು ಊರಿನ ಕಾವಲಿಗೆ ಹಾಕಿದ್ದು ನಮ್ಮ ಸಹಕಾರ ಸಂಘ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಸಂಘದ ಮುಖ್ಯ ಕಚೇರಿ ಕೊಟ್ಟೂರಿನಲ್ಲಿ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಒಂದೊಂದು ಶಾಖೆ. ನಾನು ಹರಪನಹಳ್ಳಿ, ಕೂಡ್ಲಿಗಿಗಳ ಕೌಂಟರುಗಳಲ್ಲಿ ವರ್ಷಗಟ್ಟಲೆ ಕೂತು, ಬಸ್ಸಿನ ಧೂಳು ಕುಡಿದು, ಕೊನೆಗೂ ಕೊಟ್ಟೂರಿಗೆ ಬಂದು ಮನೆ ಮಾಡಿದ್ದೆ. ಹೆಂಡತಿ ಟೀಚರು; ಅವಳ ಶಾಲೆ ಮನೆಯ ಹಿಂದಿನ ಓಣಿಯಲ್ಲಿ. ಮಧ್ಯಾಹ್ನ ಮನೆಗೆ ಹೋಗಿ ಬಿಸಿ ರೊಟ್ಟಿ ತಿಂದು, ಹತ್ತು ನಿಮಿಷ ಅಡ್ಡಾಗಿ ಮತ್ತೆ ಕಚೇರಿಗೆ ಬರುವ ಸುಖ ಆಗಷ್ಟೇ ಮೈಗೆ ಹತ್ತಿತ್ತು.

ಆಗ ಐದೂ ಊರಿನ ಕಂಪ್ಯೂಟರುಗಳನ್ನು ಒಂದೇ ತಂತಿಯಲ್ಲಿ ಪೋಣಿಸುವ ಕಾರ್ಯಕ್ರಮ ಬಂತು. ಕಂಪ್ಯೂಟರು ಕಂಡರೆ ಹೆದರದವನು ಕಚೇರಿಯಲ್ಲಿ ನಾನೊಬ್ಬನೇ ಎಂದು ಎಲ್ಲರೂ ತಿಳಿದಿದ್ದರು. ಹೆದರುತ್ತಿದ್ದೆ. ಆದರೆ ನಾನು ಎಲ್ಲಕ್ಕೂ ಹೆದರುತ್ತಿದ್ದುದರಿಂದ ಅದು ಬೇರೆಯಾಗಿ ಕಾಣುತ್ತಿರಲಿಲ್ಲ. ಪ್ರತಿ ಶಾಖೆಗೂ ಒಂದೊಂದು ಚಪ್ಪಟೆ ಪೆಟ್ಟಿಗೆ ಬಂತು. ಮುಂದೆ ನಾಲ್ಕಾರು ದೀಪ, ಹಿಂದೆ ತಂತಿಗಳು. ಅದರ ಹೆಸರು ಫೈರ್‌ವಾಲ್.

ನಮ್ಮ ಅಧ್ಯಕ್ಷರು ಶೇಂಗಾ ವ್ಯಾಪಾರದಲ್ಲಿ ತಲೆ ಹಣ್ಣಾದವರು. ಪೆಟ್ಟಿಗೆಯನ್ನು ಅಂಗೈಯಲ್ಲಿ ತೂಗಿ ನೋಡಿದರು.

"ಬಾಗ್ಲಾಗ ಕೋವಿ ಹಿಡ್ಕೊಂಡು ಕಾವಲುಗಾರ ಕುಂತಾನ. ಮತ್ತ ಇದ್ಯಾಕ?"

"ಅವನು ಬಾಗ್ಲಾಗಿಂದ ಬರೋರನ್ನ ನೋಡ್ತಾನ್ರಿ. ಇದು ತಂತಿಯಾಗಿಂದ ಬರೋರನ್ನ ನೋಡ್ತೈತಿ."

"ತಂತಿಯಾಗ ಯಾರು ಬರ್ತಾರಲೇ? ಗುಬ್ಬಿ?"

ಸುತ್ತ ಇದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಅಧ್ಯಕ್ಷರ ಹಾಸ್ಯಕ್ಕೆ ನಗುವುದು ನಮ್ಮ ಸೇವಾ ನಿಯಮಗಳಲ್ಲಿ ಬರೆದಿರಲಿಲ್ಲ, ಆದರೆ ಎಲ್ಲರೂ ಪಾಲಿಸುತ್ತಿದ್ದರು.

ತಂತಿಯೊಳಗಿಂದ ಯಾರು ಬಂದರೂ ಆ ಪೆಟ್ಟಿಗೆ ತಡೆಯುತ್ತದೆ, ಕೊಟ್ಟೂರಿನಿಂದ ನಾನು ಬಂದರೆ ಮಾತ್ರ ಬಾಗಿಲು ತೆಗೆಯುತ್ತದೆ; ಹಾಗಾಗಿ ಇಲ್ಲೇ ಕೂತು ಹಡಗಲಿಯ ಯಂತ್ರದೊಳಗೆ ಹೊಕ್ಕು ರಿಪೇರಿ ಮಾಡಬಹುದು ಎಂದು ವಿವರಿಸಿದೆ. ಅವರಿಗೆ ವಿವರಣೆ ಹಿಡಿಸಲಿಲ್ಲ. ಹಿಡಿಸಿದ್ದು ನನ್ನ ಪರದೆಯ ಮೇಲಿನ ಐದು ಹಸಿರು ಚುಕ್ಕೆ, ಊರಿಗೊಂದು. ಒಂದು ಊರು ನಮ್ಮ ಕೈಗೆ ಸಿಗದಿದ್ದರೆ ಆ ಚುಕ್ಕೆ ಕೆಂಪಾಗುತ್ತಿತ್ತು. ಅಂದಿನಿಂದ ಯಾರೇ ಬರಲಿ, ಚಹಾಕ್ಕಿಂತ ಮೊದಲು ಅವರನ್ನು ನನ್ನ ಕೋಣೆಗೆ ಕರೆತರುವರು. "ನೋಡ್ರಿ, ಇಲ್ಲೇ ಕುಂತು ಹಡಗಲಿ ನೋಡ್ತೀನಿ ನಾನು." ಬಂದವರು ಚುಕ್ಕೆಯೊಳಗೆ ಹಡಗಲಿಯ ಬಸ್ ನಿಲ್ದಾಣ ಕಂಡೀತೇನೋ ಎಂದು ಬಗ್ಗಿ ನೋಡುತ್ತಿದ್ದರು. ಮುಂದಿನ ಸೋಮವಾರ ನಿರ್ದೇಶಕರ ಸಭೆ; ಐದೂ ಊರಿನ ದೊಡ್ಡವರ ಮುಂದೆ ಐದೂ ಚುಕ್ಕೆ ತೋರಿಸುವುದೆಂದು ಅವರೇ ಸಾರಿದರು.

ಆ ಸಭೆಯ ಹಿಂದಿನ ವಾರ, ಒಂದು ಬೆಳಿಗ್ಗೆ, ಹಡಗಲಿ ಕೆಂಪಾಯಿತು.

ತಪ್ಪು ನನ್ನದೇ ಇರಬೇಕು ಎಂದುಕೊಂಡೆ. ಯಾಕೆಂದರೆ ಹಿಂದಿನ ಸಂಜೆಯಷ್ಟೇ ಹಡಗಲಿಯ ಪೆಟ್ಟಿಗೆಯೊಳಗೆ ಹೋಗಿ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂಬ ಕಟ್ಟಳೆಗಳನ್ನು ತುಸು ಬಿಗಿ ಮಾಡಿದ್ದೆ. ಬಿಗಿ ಮಾಡುವ ಭರದಲ್ಲಿ ನನ್ನನ್ನೇ ಹೊರಗಿಟ್ಟೆನೇ? ಒಳಗಿನಿಂದ ಅಗಳಿ ಹಾಕಿ, ಆಮೇಲೆ ಹೇಗೋ ಓಣಿಯಲ್ಲಿ ನಿಂತು, ನಮ್ಮ ಮನೆಗೆ ನಾನೇ ಯಾರೋ ಆದೆನೇ?

ಹಡಗಲಿ ಶಾಖೆಯ ಮ್ಯಾನೇಜರಿಗೆ ಫೋನು ಹಚ್ಚಿದೆ. ನಿವೃತ್ತಿಯ ಹೊಸ್ತಿಲಲ್ಲಿದ್ದ ಮನುಷ್ಯ, ಹಣೆ ತುಂಬ ವಿಭೂತಿ, ಬಾಯಿ ತುಂಬ ನಗು. ನನ್ನನ್ನು ತಮ್ಮಾ ಎಂದೇ ಕರೆಯುವರು.

"ಅಣ್ಣಾರೆ, ಅಲ್ಲಿ ಎಲ್ಲಾ ಸರಿ ಐತೇನ್ರಿ?"

"ಇಲ್ಲಿ ಎಲ್ಲಾ ಭೇಷ್ ನಡದೈತಿ ತಮ್ಮಾ. ಗಿರಾಕಿ ಬರಾಕತ್ಯಾರ, ಹೋಗಾಕತ್ಯಾರ. ಕೆಟ್ಟಿದ್ರ ಕೊಟ್ಟೂರಾಗ ಕೆಟ್ಟೈತಿ."

ಅದು ಸುಳ್ಳಲ್ಲ. ಶಾಖೆಯ ಒಳಗಿನ ಕೆಲಸಕ್ಕೆ ನಮ್ಮ ತಂತಿ ಬೇಕಿರಲಿಲ್ಲ. ಕುರುಡಾಗಿದ್ದು ನಾವು ಮಾತ್ರ.

"ಪೆಟ್ಟಿಗಿ ಮುಂದಿನ ದೀಪ ಒಂಚೂರು ನೋಡ್ರಿ. ಹಸರು ಐತೋ ಕೆಂಪು ಐತೋ?"

"ನೋಡ್ದೆ. ಹಸರು."

ಅವರು ಎದ್ದಾಗ ಕುರ್ಚಿ ಕಿರ್ರೆನ್ನುವುದು ಐದೂ ಊರಿಗೆ ಗೊತ್ತು. ಕಿರ್ರೆನ್ನಲಿಲ್ಲ. ಪೆಟ್ಟಿಗೆ ಇದ್ದದ್ದು ಪಕ್ಕದ ಏಸಿ ಕೋಣೆಯಲ್ಲಿ. ಅಲ್ಲಿಯವರೆಗೆ ಫೋನಿನ ವೈರು ಬರುತ್ತಿರಲಿಲ್ಲ, ಮ್ಯಾನೇಜರು ಹೋಗುತ್ತಿರಲಿಲ್ಲ.

"ಎದ್ದು ಹೋಗಿ ನೋಡ್ರಿ ಅಣ್ಣಾರೆ."

"ನೀ ನಂಬಂಗಿಲ್ಲ ಅಂದ್ರ ಯಾಕ ಕೇಳ್ತೀಯಪ್ಪ?"

ತಂತಿ ಕೇಳಿದೆ, ಕರೆಂಟು ಕೇಳಿದೆ, ಇಲಿ ಕೇಳಿದೆ. ಎಲ್ಲಕ್ಕೂ "ಏನೂ ಇಲ್ಲ". ನಮಗೆ ಪೆಟ್ಟಿಗೆ ಮಾರಿದ ಬೆಂಗಳೂರಿನ ಕಂಪನಿಗೆ ಫೋನು ಮಾಡಿದರೆ, ಅಲ್ಲಿನ ದನಿ ಬಹಳ ಸಮಾಧಾನದಿಂದ "ಆಫ್ ಮಾಡಿ ಆನ್ ಮಾಡಿ ಸರ್" ಎಂದಿತು. ಆಫ್ ಮಾಡಬೇಕಾದವರು ಕುರ್ಚಿಯಿಂದ ಏಳುತ್ತಿಲ್ಲ ಎಂಬ ದೋಷಕ್ಕೆ ಆ ಕಂಪನಿಯ ಬಳಿ ಪರಿಹಾರವಿರಲಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಚುಕ್ಕೆ ತಾನಾಗಿಯೇ ಹಸಿರಾಗಿತ್ತು. ಖುಷಿಪಡುವ ಬದಲು ನನಗೆ ಇನ್ನೂ ದಿಗಿಲಾಯಿತು. ಕೆಟ್ಟದ್ದಕ್ಕೆ ಕಾರಣ ಗೊತ್ತಿಲ್ಲ, ಸರಿಹೋದದ್ದಕ್ಕೂ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಕೆಂಪು, ಮಧ್ಯಾಹ್ನದ ಮೇಲೆ ಮತ್ತೆ ಹಸಿರು. ಅದರ ಮರುದಿನ ಕೆಂಪಿದ್ದ ಹೊತ್ತಿಗೇ ಅಧ್ಯಕ್ಷರು ಯಾರನ್ನೋ ಕರೆತಂದರು. "ಇಲ್ಲೇ ಕುಂತು ಹಡಗಲಿ..." ಎಂದವರು ಅಲ್ಲೇ ನಿಂತರು.

ಬಂದವರನ್ನು ಚಹಾಕ್ಕೆ ಕಳಿಸಿ ನನ್ನ ಕಡೆ ತಿರುಗಿದರು.

"ಏನಿದು?"

"ಹುಡುಕಾಕತ್ತೀನ್ರಿ ಸರ್."

"ಸೋಮವಾರ ಹಡಗಲಿ ಹಸರು ಇರಬೇಕು. ಬರೇ ಹಸರಿದ್ರ ಸಾಲದು. ಇದು ಯಾರ ತಪ್ಪಿಂದ ಆತು ಅಂತ ನಿರ್ದೇಶಕರ ಮುಂದ ಹೇಳಬೇಕು. ಯಾರ್ದೂ ಅಲ್ಲ ಅಂದ್ರ ನಿಂದು ಅಂತ ತಿಳೀತೀನಿ. ಇಲ್ಲೇ ಕುಂತು ಹಡಗಲಿ ನೋಡಾಕ ಆಗಲಿಲ್ಲ ಅಂದ್ರ ಹಡಗಲಿಗೇ ಹೋಗಿ ಕುಂದ್ರು. ಆ ಪೆಟ್ಟಿಗಿ ಪಕ್ಕದಾಗ ಒಂದು ಕುರ್ಚಿ ಹಾಕಿಸ್ತೀನಿ."

ಅಲ್ಲಿಗೆ ನನ್ನ ಬಿಸಿ ರೊಟ್ಟಿ ತಣ್ಣಗಾಯಿತು. ಮನೆಯಲ್ಲಿ ಹೇಳಿದರೆ ಹೆಂಡತಿ ಮೆಣಸಿನಕಾಯಿ ಬಜ್ಜಿಯನ್ನು ಮಂಡಕ್ಕಿಯೊಳಗೆ ಮುರಿಯುತ್ತಾ ಅಂದಳು: "ಹೋಗ್ರಿ. ವಾರಕ್ಕೊಮ್ಮೆ ಬರುವಾಗ ಒಂದು ಮಾರು ಮಲ್ಲಿಗಿ ತರ್ರಿ. ಇಷ್ಟು ವರ್ಷದಾಗ ಒಂದಿನ ತಂದಿಲ್ಲ." ನಂತರ ಮಂಡಕ್ಕಿ ತಟ್ಟೆಯನ್ನು ನನ್ನ ಕಡೆ ಸರಿಸಿ, "ನನ್ನ ಶಾಲಿ ಇಲ್ಲೈತಿ. ನಾ ಬರಾಕ ಆಗಂಗಿಲ್ಲ" ಎಂದಳು. ಎರಡನೆಯ ಮಾತಿನಲ್ಲಿ ನಗುವಿರಲಿಲ್ಲ.

ಶುಕ್ರವಾರ ಹಡಗಲಿಗೆ ಹೊರಟೆ. ಕಚೇರಿಯ ಸಹಿ ಗಿಹಿ ಮುಗಿಸಿ, ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ, ಬರುತ್ತಿದ್ದೇನೆಂದು ಮೊದಲೇ ಫೋನೂ ಮಾಡಿ, ಸಭ್ಯನಂತೆ ಹೋಗಿ ಮುಟ್ಟುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಏಸಿ ಕೋಣೆ ಗುಡಿಯಂತೆ ಶುಭ್ರವಾಗಿತ್ತು. ಪೆಟ್ಟಿಗೆ ತನ್ನ ಮೇಜಿನ ಮೇಲೆ ಕೂತು ದೀಪ ಮಿಣುಕಿಸುತ್ತಿತ್ತು. ಕೊಟ್ಟೂರಿಗೆ ಫೋನು ಮಾಡಿದರೆ ನನ್ನ ಪಕ್ಕದ ಮೇಜಿನ ಗುಮಾಸ್ತ, "ಹಸರು ಐತ್ರಿ, ವೀಳ್ಯದೆಲಿ ಹಂಗ ಹಸರು" ಎಂದ. ನಾನು ಬಿಗಿ ಮಾಡಿದ್ದ ಕಟ್ಟಳೆಗಳನ್ನು ಒಂದೊಂದಾಗಿ ಓದಿದೆ. ಕೊಟ್ಟೂರಿನ ಹೆಸರು ಅಲ್ಲೇ ಇತ್ತು. ತಪ್ಪು ನನ್ನದಲ್ಲ ಎಂದು ಗೊತ್ತಾದ ಮೇಲೂ ಸಮಾಧಾನವಾಗಲಿಲ್ಲ, ನನ್ನದಾಗಿದ್ದರೆ ತಿದ್ದಬಹುದಿತ್ತು.

"ನೋಡು ತಮ್ಮಾ, ಡಾಕ್ಟರು ಬಂದ ಕೂಡ್ಲೆ ಜ್ವರ ಇಳೀತು" ಎಂದರು ಮ್ಯಾನೇಜರು. "ಅದು ನಿನ್ನ ಮಾರಿ ನೋಡಬೇಕು ಅಂತ ಹಟ ಮಾಡಿತ್ತು."

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಕುಟ್ಟಿಸಿಕೊಳ್ಳುತ್ತಾ ಯೋಚಿಸಿದೆ. ನಾನು ಹೇಳಿ ಬಂದೆ. ಹೇಳಿ ಬಂದವನಿಗೆ ಎಲ್ಲ ಮನೆಯೂ ಗುಡಿಸಿಯೇ ಇರುತ್ತದೆ.

ಶನಿವಾರ ಯಾರಿಗೂ ಹೇಳದೆ ಮೊದಲ ಬಸ್ಸು ಹತ್ತಿದೆ. ಹಡಗಲಿಯ ಶಾಖೆಯೊಳಗೆ ಕಾಲಿಟ್ಟಾಗ ಕಚೇರಿ ಆಗಷ್ಟೇ ಕಸ ಗುಡಿಸಿಕೊಂಡಿತ್ತು. ನನ್ನನ್ನು ಕಂಡ ಮ್ಯಾನೇಜರು ಎದ್ದು ನಿಂತರು. ಕುರ್ಚಿ ಕಿರ್ರೆಂದಿತು. ಆ ಶಬ್ದಕ್ಕೇ ನನಗೆ ಅರ್ಧ ಉತ್ತರ ಸಿಕ್ಕಂತಾಯಿತು.

"ಈಗ ಯಾಕ ಬಂದ್ಯೋ ತಮ್ಮಾ? ಚಾ ಕುಡಿಯೋಣ ಬಾ, ಹೊರಗ ಹೋಗೋಣ..."

ನಾನು ಏಸಿ ಕೋಣೆಯ ಬಾಗಿಲು ತಳ್ಳಿದೆ. ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಯಿತು. ತಣ್ಣನೆಯ ಕೋಣೆ ತುಂಬ ಮಲ್ಲಿಗೆ.

ನನ್ನ ಪೆಟ್ಟಿಗೆ ಕಾಣಲಿಲ್ಲ. ಅದು ಇರಬೇಕಾದಲ್ಲಿ ಒಂದು ದೊಡ್ಡ ಬಿದಿರಿನ ಬುಟ್ಟಿ, ಅದರ ಮೇಲೆ ಒದ್ದೆ ಬಟ್ಟೆ. ಬುಟ್ಟಿಯ ಕೆಳಗೆ ಸಂದಿಯಲ್ಲಿ ಒಂದು ದೀಪ, ಉಸಿರುಗಟ್ಟಿದವನ ಕಣ್ಣಿನಂತೆ. ಪಕ್ಕದಲ್ಲಿ ಹೂವಿನ ಅಕ್ಕ ನಿಂತು ಬಟ್ಟೆಯ ಮೇಲೆ ನೀರು ಚಿಮುಕಿಸುತ್ತಿದ್ದಳು. ಊರ ಹೊರಗಿನ ಮಲ್ಲಿಗೆ ತೋಟಗಳಿಂದ ಮೊಗ್ಗು ಕೊಂಡು, ಬಸ್ಸಿಗೆ ಹಾಕಿ ಊರೂರಿಗೆ ಕಳಿಸುವ ಹೆಂಗಸು. ನಮ್ಮ ಸಂಘದ ಹಳೇ ಗಿರಾಕಿ.

"ಅಕ್ಕಾ, ಏನ್ ಮಾಡಾಕತ್ತೀಯವ್ವ?" ಅಂದೆ. ನನ್ನ ದನಿ ಅಳುವಿಗೆ ಹತ್ತಿರವಿತ್ತು.

"ಕಾಣಂಗಿಲ್ಲೇನು? ಮೊಗ್ಗು ತಣ್ಣಗ ಮಾಡಾಕತ್ತೀನಿ. ಬಸ್ಸು ಬರೋದು ಮಧ್ಯಾಹ್ನಕ್ಕ. ಈ ಬಿಸಲಿಗೆ ಅಷ್ಟೊತ್ತಿಗೆ ಬಿರಿದು ಬಾಯಿ ಬಿಡ್ತಾವ. ಬಿರಿದ ಹೂವು ಯಾರು ಮುಟ್ತಾರ?"

"ಆದ್ರ ಪೆಟ್ಟಿಗಿ ಮ್ಯಾಲ ಯಾಕ?"

"ಗಾಳಿ ನೆಟ್ಟಗ ಅಲ್ಲೇ ಬಡೀತೈತಿ. ನಾನೇನು ನಿನ್ನ ಪೆಟ್ಟಿಗಿ ಮ್ಯಾಲ ಬಂಡಿ ಹೇರೀನಾ? ಹೂವು ಇಟ್ಟೀನಿ. ದೇವ್ರ ತಲಿ ಮ್ಯಾಲ ಇಟ್ರ ದೇವ್ರೂ ಸುಮ್ಮನಿರ್ತಾನ."

ಕೋಣೆಯಲ್ಲಿ ಒಂದು ಸ್ಟೂಲು ಇತ್ತು, ಅದೂ ಗಾಳಿಗೆ ಎದುರಾಗಿಯೇ. ಅದರ ಮೇಲೆ ದೇವರ ಪಟ. ಪಟ ಸರಿಸುವ ಧೈರ್ಯ ಶಾಖೆಯಲ್ಲಿ ಯಾರಿಗೂ ಇರಲಿಲ್ಲ. ಫೈರ್‌ವಾಲಿನ ಮೇಲೆ ಬುಟ್ಟಿ ಇಡಲು ಮಾತ್ರ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಬಗ್ಗಿ ಪೆಟ್ಟಿಗೆಯ ಹಿಂದೆ ನೋಡಿದೆ. ಕೊಟ್ಟೂರಿನ ಕಡೆಯ ತಂತಿಯ ತುದಿಯಲ್ಲಿ ಅದನ್ನು ಹಿಡಿದಿಡುವ ಚಿಕ್ಕ ಪ್ಲಾಸ್ಟಿಕ್ ಕೊಕ್ಕೆ ಮುರಿದಿತ್ತು. ಬುಟ್ಟಿಯ ಅಂಚು ಕೂತೊಡನೆ ತಂತಿ ಒಂದು ಎಳೆಯಷ್ಟು ಹಿಂದೆ ಸರಿಯುತ್ತಿತ್ತು. ಕಂಡೂ ಕಾಣದಷ್ಟು.

"ಅಣ್ಣಾರೆ, ಬುಟ್ಟಿ ತೆಗೆದ ಮ್ಯಾಲ ನೀವೇನರ ಮಾಡ್ತಿದ್ರೇನು?"

"ಏನಿಲ್ಲಪ್ಪ. ವೈರೆಲ್ಲ ಒಮ್ಮೆ ಒಳಗ ಒತ್ತಿ ಇಡ್ತಿದ್ದೆ. ನೀಟಾಗಿ ಕಾಣ್ಲಿ ಅಂತ."

ಅಂದರೆ ದಿನವೂ ರೋಗ ತರುವವರೂ ಅವರೇ, ಔಷಧ ಕೊಡುವವರೂ ಅವರೇ. ಆದರೂ ಸಾಕ್ಷಿ ಬೇಕಲ್ಲ. ಫೋನನ್ನು ವೈರು ಎಟಕುವಷ್ಟೂ ಏಸಿ ಕೋಣೆಯ ಬಾಗಿಲಿನತ್ತ ಎಳೆದು, ಕೊಟ್ಟೂರಿನ ಗುಮಾಸ್ತನನ್ನು ಪರದೆಯ ಮುಂದೆ ಕೂರಿಸಿದೆ.

"ಇಡು ಅಕ್ಕಾ."

"ಕೆಂಪು!" ಎಂದು ಕೊಟ್ಟೂರು ಕೂಗಿತು.

"ತೆಗಿ. ಅಣ್ಣಾರೆ, ವೈರು ಒತ್ರಿ."

ಒಂದೆರಡು ನಿಮಿಷಕ್ಕೆ "ಹಸರು!"

ಮತ್ತೆ ಇಟ್ಟಳು, ಮತ್ತೆ ಕೆಂಪು. ಕೌಂಟರಿನಲ್ಲಿದ್ದ ಗಿರಾಕಿಗಳು ಬಾಗಿಲಿಗೆ ಬಂದು ನಿಂತರು. "ದೇವ್ರ ಹತ್ರ ಹೂವು ಕೇಳಿದಂಗ ಆತಲ್ಲೋ ಯಪ್ಪಾ," ಎಂದಳು ಹೂವಿನ ಅಕ್ಕ, "ಬಲಕ್ಕ ಬಿದ್ರ ಹೌದು, ಎಡಕ್ಕ ಬಿದ್ರ ಅಲ್ಲ." ಒಬ್ಬ ಮುದುಕ ನಿಜವಾಗಿಯೂ ಕೈ ಮುಗಿದ.

ಜನ ಚದುರಿದ ಮೇಲೆ ನಾನು ಮ್ಯಾನೇಜರನ್ನು ಹಿಡಿದೆ. "ವಾರದಿಂದ ತಂತಿ ಕೇಳಿದೆ, ಕರೆಂಟು ಕೇಳಿದೆ, ಇಲಿ ಕೇಳಿದೆ. ಒಂದು ಮಾತು ಹೇಳಬಾರದೇನ್ರಿ?"

"ಹೂವಿನ ಸುದ್ದಿ ನೀ ಕೇಳಲೇ ಇಲ್ಲಲ್ಲ ತಮ್ಮಾ."

"ನನ್ನ ಹಡಗಲಿಗೆ ವರ್ಗ ಮಾಡ್ತಾರಂತ. ಸೋಮವಾರ ಯಾರ ತಪ್ಪು ಅಂತ ಎಲ್ರ ಮುಂದ ಹೇಳಬೇಕಂತ. ನಿಮ್ಮ ಹೆಸರೇ ಹೇಳ್ತೀನಿ."

ಅವರು ಬಾಗಿಲು ಹಾಕಿ, ನನ್ನ ಭುಜದ ಮೇಲೆ ಕೈಯಿಟ್ಟು, ದನಿ ತಗ್ಗಿಸಿದರು. "ಹೇಳಪ್ಪ. ಆದ್ರ ಬುಟ್ಟಿ ಒಳಗ ಬಾಳಿ ಎಲಿಯಾಗ ಬ್ಯಾರೆ ಕಟ್ಟಿಟ್ಟದ್ದು ಐತಲ್ಲ, ಅದು ಯಾರ ಮನೀಗೆ ಹೋಗ್ತೈತಿ ಗೊತ್ತೇನು? ಅಧ್ಯಕ್ಷರ ಮನೀಗೆ. ಬ್ಯಾಸಗಿಯಾಗ ಹೂವು ಬಾಡಿ ಬರ್ತಾವ ಅಂತ ಅವರ ಮನೆಯವರು ಸಿಟ್ಟಾಗಿದ್ರಂತ. 'ನಮ್ಮ ಏಸಿ ರೂಮಿನ್ಯಾಗ ಇಡಿಸಿ ಕಳಸ್ರಿ' ಅಂತ ಸಾಹೇಬ್ರೇ ಹೋದ ವಾರ ಫೋನ್ ಮಾಡಿದ್ರು. ಹೂವಿನಾಕಿ ತನ್ನ ಮೊಗ್ಗೂ ಅದರ ಜೋಡಿ ಇಟ್ಲು. ಬ್ಯಾಡ ಅನ್ನಾಕ ನನಗ ಬಾಯಿ ಹೆಂಗ ಬರಬೇಕು?"

ನಾನು ಆ ತಣ್ಣನೆಯ ಕೋಣೆಯಲ್ಲೂ ಬೆವೆತೆ.

ಮೊದಲು ಕೈಕೆಲಸ ಮುಗಿಸಿದೆ. ತಂತಿಗೆ ಹೊಸ ತುದಿ ಹಾಕಿದೆ. ಬಸ್ ನಿಲ್ದಾಣದ ಹತ್ತಿರದ ಬಡಗಿ ಭಾಯಿಯ ಅಂಗಡಿಗೆ ಹೋಗಿ, ಇಂಥ ಎತ್ತರದ್ದೊಂದು ಸ್ಟೂಲು ಬೇಕು, ಏಸಿ ಗಾಳಿ ನೆಟ್ಟಗೆ ಬಡಿಯಬೇಕು ಎಂದೆ. "ಹೂವಿಗೆ ರಾಜರು ಕೂರೋ ತಖ್ತ್ ಮಾಡಿಸ್ತೀರೇನು ಸಾಹೇಬ್ರೇ?" ಎಂದು ನಕ್ಕು, ಯಾರಿಗೋ ಮಾಡಿಟ್ಟಿದ್ದ ಸ್ಟೂಲಿನ ಕಾಲು ಕೊಯ್ದು ಕೊಟ್ಟರು. ಬುಟ್ಟಿ ಅದರ ಮೇಲೆ ಹೋಯಿತು. ಪೆಟ್ಟಿಗೆ ಉಸಿರಾಡಿತು.

ಭಾನುವಾರವಿಡೀ ನಾನು ಉಸಿರಾಡಲಿಲ್ಲ. ಅಧ್ಯಕ್ಷರ ಹೆಸರು ಹೇಳಿದರೆ ವರ್ಗ. ಯಾರದೂ ಅಲ್ಲ ಎಂದರೆ ತಪ್ಪು ನನ್ನದು, ಆಗಲೂ ವರ್ಗ. ಮ್ಯಾನೇಜರ ಹೆಸರು ಹೇಳಿದರೆ ಅವರು ಬಾಯಿ ಬಿಡುತ್ತಾರೆ, ಸುತ್ತಿ ಬಳಸಿ ಅದೇ ವರ್ಗ. "ಯಾವ ಬಸ್ಸು ಹತ್ತಿದ್ರೂ ಹಡಗಲಿಗೇ ಹೋಗ್ತೈತಲ್ರಿ" ಎಂದಳು ಹೆಂಡತಿ. "ಕೇಳಿದಷ್ಟಕ್ಕ ಖರೆ ಹೇಳ್ರಿ. ಕೇಳದಿದ್ದದ್ದು ಹೇಳಬ್ಯಾಡ್ರಿ. ನಮ್ಮ ಶಾಲಿ ಮಕ್ಕಳು ದಿನಾ ಅದನ್ನೇ ಮಾಡ್ತಾವ."

ಸೋಮವಾರ ನಿರ್ದೇಶಕರೆಲ್ಲ ನನ್ನ ಪರದೆಯ ಸುತ್ತ ನಿಂತರು. ಐದು ಚುಕ್ಕೆ, ಐದೂ ಹಸಿರು. ಅಧ್ಯಕ್ಷರು ಮೀಸೆ ತೀಡಿಕೊಂಡರು. ಅಲ್ಲಿಗೆ ಬಿಡಬಹುದಿತ್ತು, ಬಿಡಲಿಲ್ಲ.

"ವಾರ ಪೂರ್ತಿ ಹಡಗಲಿ ಕೈ ಕೊಟ್ಟಿತ್ತು. ಯಾಕ ಅಂತ ಈಗ ಇವನೇ ಹೇಳ್ತಾನ. ಹೇಳಲೇ, ಯಾರ ತಪ್ಪು?"

"ಪೆಟ್ಟಿಗಿ ಮ್ಯಾಲ ಬುಟ್ಟಿ ಇಡ್ತಿದ್ರು ಸರ್. ಅದರ ಭಾರಕ್ಕ ತಂತಿ ಸರೀತಿತ್ತು."

"ಬುಟ್ಟಿ! ಕಾವಲು ಪೆಟ್ಟಿಗಿ ಮ್ಯಾಲ ಬುಟ್ಟಿ!" ಅಧ್ಯಕ್ಷರು ನಿರ್ದೇಶಕರ ಕಡೆ ತಿರುಗಿ ಮೇಜು ಕುಟ್ಟಿದರು. "ನೋಡಿದ್ರೇನ್ರಿ ಶಿಸ್ತು? ಆ ಬುಟ್ಟಿ ಯಾರ್ದೋ, ಅವರನ್ನ ಒಂದು ವರ್ಷ ಆ ಪೆಟ್ಟಿಗಿ ಕಾಯಾಕ ಹಾಕ್ತೀನಿ. ಯಾರರ ಆಗ್ಲಿ, ಬಿಡಂಗಿಲ್ಲ!"

ನಾನು ಸುಮ್ಮನಿದ್ದೆ. ಅವರು ಪ್ರಶ್ನೆ ಕೇಳಿರಲಿಲ್ಲ. ಕೇಳಿದವರು ಹರಪನಹಳ್ಳಿಯ ನಿರ್ದೇಶಕರು, ಎಲ್ಲದಕ್ಕೂ ಕೊಕ್ಕೆ ತೆಗೆಯುವ ಹಿರಿಯರು.

"ಅದ್ರಾಗೆ ಏನಿತ್ತಪ್ಪ, ಆ ಬುಟ್ಟಿಯಾಗೆ?"

"ಮಲ್ಲಿಗಿ ಮೊಗ್ಗು ಸರ್."

"ಎಲ್ಲಿಗೆ ಹೋಗ್ತಿತ್ತು?"

"ಬ್ಯಾರೆ ಬ್ಯಾರೆ ಕಡೆ ಸರ್. ಒಂದು ಕಟ್ಟು ಮಧ್ಯಾಹ್ನದ ಬಸ್ಸಿಗೆ ಕೊಟ್ಟೂರಿಗೆ ಬರ್ತಿತ್ತು."

ಅಧ್ಯಕ್ಷರ ಮನೆಯಲ್ಲಿ ಊಟ ಮಾಡದ ನಿರ್ದೇಶಕರು ಅಲ್ಲಿ ಒಬ್ಬರೂ ಇರಲಿಲ್ಲ. ದೇವರ ಕೋಣೆಯ ಬಾಗಿಲಿಗೂ ಯಜಮಾನಿಯ ತುರುಬಿಗೂ ಹಡಗಲಿ ಮಲ್ಲಿಗೆಯೇ ಆಗಬೇಕೆಂಬುದು ಎಲ್ಲರೂ ಕಂಡದ್ದು. ಒಬ್ಬರು ಫ್ಯಾನಿನ ಕಡೆ ನೋಡಿದರು. ಒಬ್ಬರಿಗೆ ಕೆಮ್ಮು ಬಂತು. ಹರಪನಹಳ್ಳಿಯವರು ಇನ್ನೊಂದು ಪ್ರಶ್ನೆಗೆ ಬಾಯಿ ತೆರೆದು, ಅಧ್ಯಕ್ಷರ ಮುಖ ನೋಡಿ, ಬಹಳ ಸಂತೋಷದಿಂದ ಮುಚ್ಚಿಕೊಂಡರು.

ಕುಟ್ಟಿದ ಕೈ ಇನ್ನೂ ಮೇಜಿನ ಮೇಲೇ ಇತ್ತು. ಅಧ್ಯಕ್ಷರು ಅದನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು. "ಚಾ ಯಾಕ ಇನ್ನಾ ಬಂದಿಲ್ಲ?" ಎಂದರು.

ಸಭೆ ಮುಗಿದ ಮೇಲೆ ನನ್ನನ್ನು ಒಬ್ಬನನ್ನೇ ಕರೆಸಿದರು. ಬಹಳ ಹೊತ್ತು ಕಿಟಕಿಯ ಹೊರಗೆ ನೋಡಿದರು.

"ಈಗ ಬುಟ್ಟಿ ಎಲ್ಲಿ ಇಡ್ತಾರ?"

"ಬ್ಯಾರೆ ಸ್ಟೂಲು ಮಾಡಿಸೀನ್ರಿ. ಗಾಳಿ ಇನ್ನಾ ಚಲೋ ಬಡೀತೈತಿ."

"ಹ್ಞೂಂ. ಮೊನ್ನೆ ಬಂದ ಹೂವು ಭಾಳ ಚಲೋ ಇದ್ವಂತ, ಮನಿಯಾಗ ಅಂತಿದ್ರು." ಮತ್ತೆ ಕಿಟಕಿ. "ನಿನ್ನ ಹಡಗಲಿಗೆ ಹಾಕಿದ್ರ ಅಲ್ಲಿ ಕುಂತು ಯಾರ್ಯಾರಿಗೆ ಏನೇನು ಹೇಳ್ತೀಯೋ. ಬ್ಯಾಡ. ಇಲ್ಲೇ ಇರು, ನನ್ನ ಕಣ್ಮುಂದ."

ನಾನು ಕೈ ಮುಗಿದು ಬಾಗಿಲಿನವರೆಗೆ ಬಂದಿದ್ದೆ. ಹಿಂದಿನಿಂದ ಮತ್ತೆ ಕೂಗಿದರು.

"ಲೇ, ದಿನಾ ಮುಂಜಾನೆ ಹೆಂಗೂ ಪೆಟ್ಟಿಗಿ ನೋಡ್ತೀಯಲ್ಲ. ಜೋಡಿ ಆ ಏಸಿ ಎಷ್ಟು ತಣ್ಣಗೈತಿ ಅಂತಾನೂ ಒಂದು ಮಾತು ಕೇಳ್ತಿರು."

ಹೀಗೆ ಕೊಟ್ಟೂರು ನನಗೆ ಉಳಿಯಿತು. ಆದರೆ ಆ ಬೇಸಿಗೆ ಮುಗಿಯುವವರೆಗೆ, ಐದೂ ಚುಕ್ಕೆ ಹಸಿರಿದ್ದರೂ ನಾನು ಬೆಳಿಗ್ಗೆ ಹಡಗಲಿಗೆ ಫೋನು ಹಚ್ಚಿ ಕೂರುತ್ತಿದ್ದೆ. ಒಂದು ದಿನ ಅಲ್ಲಿ ಕರೆಂಟು ಹೋಗಿ ಏಸಿ ನಿಂತಿತು. ಪೆಟ್ಟಿಗೆಗೆ ಬ್ಯಾಟರಿ ಇತ್ತು, ಅದಕ್ಕೇನೂ ಆಗಲಿಲ್ಲ. ನಾನು ಮಧ್ಯಾಹ್ನ ಮನೆಗೆ ಹೋಗಿ ತಟ್ಟೆಯ ಮುಂದೆ ಕೂತು ರೊಟ್ಟಿ ಮುರಿಯದೆ ಗೋಡೆ ನೋಡುತ್ತಿದ್ದುದನ್ನು ಕಂಡು ಹೆಂಡತಿ ಕೇಳಿದಳು:

"ಮತ್ತ ಕೆಂಪಾತೇನು?"

"ಇಲ್ಲ, ಹಸರೇ ಐತಿ" ಅಂದೆ. "ಮೊಗ್ಗು ಏನಾದ್ವೋ ಏನೋ."